ಸೆಕೆಂಡ್‌ಹ್ಯಾಂಡ್ ಕಾರು: ಕೊಂಡ ಬೆಲೆ ಬೇರೆ, ಬಿದ್ದ ಬೆಲೆ ಬೇರೆ

ಹಳೆಯ ವಾಹನಗಳ ಖರೀದಿಯ ಬಗ್ಗೆ ನಾವು ನಡೆಸಿದ ಸಂವಾದ ಕಾರ್ಯಕ್ರಮದಲ್ಲಿ ಮೂವರು ಅತಿಥಿಗಳಿದ್ದರು. ಒಬ್ಬರು ಮೂವತ್ತು ವರ್ಷ ಗ್ಯಾರೇಜು ನಡೆಸಿದವರು, ಒಬ್ಬರು ಸಾರಿಗೆ ಇಲಾಖೆಯ ನಿವೃತ್ತ ಅಧಿಕಾರಿ, ಇನ್ನೊಬ್ಬರು ವಕೀಲರು. ಸಮಯ ಮುಗಿಯುವುದಕ್ಕೆ ಒಂದು ನಿಮಿಷ ಬಾಕಿ ಇರುವಾಗ ದಾವಣಗೆರೆಯಿಂದ ಒಬ್ಬ ಬಿ.ಕಾಂ. ವಿದ್ಯಾರ್ಥಿ ಫೋನ್ ಮಾಡಿದ. ಅವರ ತಂದೆ ತಮ್ಮ ಸ್ನೇಹಿತರಿಂದಲೇ ಒಂದು ಕಾರು ಕೊಂಡಿದ್ದರಂತೆ. ಎರಡು ತಿಂಗಳೊಳಗೆ ಮೂರು ಸಲ ಗ್ಯಾರೇಜಿಗೆ ಹೋಯಿತಂತೆ. ಆ ಹುಡುಗ ಕೇಳಿದ್ದು ಖರ್ಚಿನ ವಿಷಯವನ್ನಲ್ಲ. "ಸಾರ್, ಅಂಕಲ್‌ಗೆ ಮೊದಲೇ ಗೊತ್ತಿತ್ತಾ, ಇಲ್ವಾ? ನಮ್ಮ ತಂದೆ ಅವರ ಜೊತೆ ಮಾತು ಬಿಟ್ಟಿದ್ದಾರೆ" ಎಂದ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಸಮಯ ಮುಗಿಯಿತು, ಮುಕ್ತಾಯದ ಸಂಗೀತ ಬಂತು.

ನಿರ್ಮಾಪಕನಾಗಿ ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಹೊತ್ತುಕೊಂಡು ನಾನೂ ಕೆಲವು ತಿಂಗಳು ಓಡಾಡಿದ್ದೆ. ತೆರೆಯ ಮೇಲೆ ಉತ್ತರಿಸಲು ಆಗದಿದ್ದುದನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲಿ ಸ್ವಲ್ಪ ಭೌತಶಾಸ್ತ್ರ ಬರುತ್ತದೆ, ಸ್ವಲ್ಪ ಅರ್ಥಶಾಸ್ತ್ರ ಬರುತ್ತದೆ, 1872ರ ಒಂದು ಕುದುರೆಯೂ ಬರುತ್ತದೆ.

ನಾನು ಕಾರು ಕೊಂಡದ್ದು 2022ರ ಡಿಸೆಂಬರಿನಲ್ಲಿ. 2013ರ ಮಾದರಿಯ ಚಿಕ್ಕ ಪೆಟ್ರೋಲ್ ಕಾರು. ಕಂಪನಿಯ ಹೆಸರು ಬೇಡ, ಏಕೆಂದರೆ ತಪ್ಪು ಕಂಪನಿಯದಲ್ಲ. ಮಾರಿದವರು ಪಕ್ಕದ ಬಡಾವಣೆಯ ನಿವೃತ್ತ ಉಪನ್ಯಾಸಕರು, ನನ್ನ ಮಾವನವರಿಗೆ ಪರಿಚಿತರು. ಮೀಟರಿನಲ್ಲಿ 61,000 ಕಿ.ಮೀ. ತೋರಿಸುತ್ತಿತ್ತು. ಒಳಗೆ ಸೀಟಿನ ಮೇಲೆ ಬಿಳಿ ಟವೆಲು ಹಾಸಿದ್ದರು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ. ಕಾಫಿ ಕುಡಿದು, ರಿಂಗ್ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಓಡಿಸಿ ನೋಡಿ, 2,15,000 ರೂಪಾಯಿಗೆ ಒಪ್ಪಿಕೊಂಡೆ. ಅದೇ ವಾರ ಇನ್ನೊಂದು ಕಾರು ನೋಡಿದ್ದೆ. ಅದೇ ಮಾದರಿ, ಅದೇ ವರ್ಷದ್ದು, ಸರ್ವೀಸಿನ ಪ್ರತಿಯೊಂದು ಬಿಲ್ಲನ್ನೂ ಅವರು ಫೈಲಿನಲ್ಲಿ ಇಟ್ಟಿದ್ದರು. ಕೇಳಿದ ಬೆಲೆ 2,75,000. ದುಬಾರಿ ಎಂದು ಬಿಟ್ಟು ಬಂದೆ. ಮಗಳ ಕಾಲೇಜು ಸೇರ್ಪಡೆಗೆ ಎತ್ತಿಟ್ಟ ಹಣದಿಂದ ಕಾರು ಕೊಳ್ಳುತ್ತಿದ್ದುದರಿಂದ ಅರವತ್ತು ಸಾವಿರದ ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿತು.

ಮೂರನೇ ವಾರ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋದೆವು. ಹೋಗುವಾಗ ಏನೂ ಆಗಲಿಲ್ಲ, ಶಿರಾಡಿ ಘಾಟಿ ಆಗ ಇಳಿಜಾರು. ಬರುವಾಗ ಗುಂಡ್ಯ ದಾಟಿ ಏರು ಶುರುವಾದ ಮೇಲೆ ತಾಪಮಾನದ ಮುಳ್ಳು ಮೇಲಕ್ಕೆ ಸರಿಯಿತು. ಮುಂದೆ ಯಾವುದಾದರೂ ಅಂಗಡಿ ಸಿಗಬಹುದೆಂದು ಇನ್ನೂ ಎರಡು ಕಿಲೋಮೀಟರು ಓಡಿಸಿದೆ. ಮಾರನಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ಬಾನೆಟ್ಟಿನ ಕೆಳಗಿನಿಂದ ಹಬೆ ಎದ್ದಿತು, ಇಂಜಿನ್ ಎರಡು ಸಲ ನಡುಗಿ ನಿಂತಿತು. ಕಾರನ್ನು ಸಕಲೇಶಪುರಕ್ಕೆ ಎಳೆಸಿಕೊಂಡು ಹೋಗಬೇಕಾಯಿತು. ಎಳೆದದ್ದಕ್ಕೆ 3,500. ಹೆಡ್ ಬಿಚ್ಚಿ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್, ವಾಟರ್ ಪಂಪು, ಟೈಮಿಂಗ್ ಬೆಲ್ಟು, ರೇಡಿಯೇಟರು, ಆಯಿಲ್, ಕೂಲಿ ಎಲ್ಲ ಸೇರಿ 31,400. ಬೆಂಗಳೂರಿಗೆ ಬಂದ ಮೇಲೆ ಕ್ಲಚ್ಚಿಗೆ 8,200, ಮುಂದಿನ ಶಾಕ್ ಅಬ್ಸಾರ್ಬರು ಮತ್ತು ಬುಷ್ಷುಗಳಿಗೆ 11,600, ನಾಲ್ಕು ಟೈರಿಗೆ 15,200. ಒಟ್ಟು 69,900 ರೂಪಾಯಿ. ಕೊಂಡ ಬೆಲೆ 2,15,000, ನನಗೆ ಬಿದ್ದ ಬೆಲೆ 2,84,900. ಬಿಟ್ಟು ಬಂದ ಆ ಫೈಲಿನ ಕಾರು ಅದಕ್ಕಿಂತ ಅಗ್ಗವಾಗಿತ್ತು.

ಕೋಪ ಇಳಿದ ಮೇಲೆ ಒಂದು ಭಾನುವಾರ ಬಿಲ್ಲುಗಳನ್ನು ಎರಡು ಗುಂಪು ಮಾಡಿದೆ. ಕ್ಲಚ್ಚು, ಶಾಕ್ ಅಬ್ಸಾರ್ಬರು, ಟೈರು ಒಂದು ಕಡೆ, 35,000. ಘಾಟಿಯ ಲೆಕ್ಕ ಇನ್ನೊಂದು ಕಡೆ, 34,900. ಹೆಚ್ಚುಕಡಿಮೆ ಅರ್ಧ ಅರ್ಧ. ಮೊದಲನೆಯ ಗುಂಪಿನಲ್ಲಿ ಯಾರ ಮೋಸವೂ ಇಲ್ಲ. ಕ್ಲಚ್ ಪ್ಲೇಟು ಸವೆಯುವುದಕ್ಕೆಂದೇ ಇರುವ ವಸ್ತು. ಪೆನ್ಸಿಲ್ ಕೊಂಡವರು ಅದು ಚಿಕ್ಕದಾಗುತ್ತದೆಂದು ದೂರುವುದಿಲ್ಲ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಅರವತ್ತು ಸಾವಿರ ಕಿ.ಮೀ. ಓಡಿದ ಕ್ಲಚ್ಚು ಇನ್ನೆಷ್ಟು ದಿನ ಬಂದೀತು? ಟೈರಿನ ವಯಸ್ಸನ್ನಂತೂ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರ ತಯಾರಾದದ್ದು ಎಂದು ಅರ್ಥ. ನನ್ನ ಕಾರಿನ ನಾಲ್ಕೂ ಟೈರುಗಳು ಆರು ವರ್ಷ ದಾಟಿದ್ದವು. ಮಂಡಿಯೂರಿ ನೋಡಿದ್ದರೆ ಅಂಗಳದಲ್ಲೇ ತಿಳಿಯುತ್ತಿತ್ತು. ನಾನು ನೋಡಿದ್ದು ಬಣ್ಣದ ಹೊಳಪನ್ನು. ಆದ್ದರಿಂದ "ಅನಿರೀಕ್ಷಿತ ಖರ್ಚು" ಎಂದು ನಾನು ಮನೆಯಲ್ಲಿ ಹಲುಬುತ್ತಿದ್ದುದರಲ್ಲಿ ಅರ್ಧ, ನಿರೀಕ್ಷಿಸಬೇಕಾಗಿದ್ದ ಖರ್ಚೇ.

ಇನ್ನರ್ಧದ ಕಥೆ ಬೇರೆ.

ಏರುದಾರಿಯ ಲೆಕ್ಕ

ಸಕಲೇಶಪುರದ ಮೆಕ್ಯಾನಿಕ್ ಬಾನೆಟ್ ತೆರೆದು ಐದು ನಿಮಿಷ ನೋಡಿ ಹೇಳಿದ: "ಸ್ವಾಮಿ, ಇದ್ರಲ್ಲಿ ವಾಲ್ವೇ ಇಲ್ಲ. ಫ್ಯಾನ್ ಬೇರೆ ಡೈರೆಕ್ಟ್ ಮಾಡವ್ರೆ." ಈ ಎರಡು ವಾಕ್ಯಗಳಲ್ಲಿ ನನ್ನ 34,900 ರೂಪಾಯಿ ಅಡಗಿದೆ. ಬಿಡಿಸಿ ನೋಡೋಣ.

ಪೆಟ್ರೋಲು ಉರಿದು ಬಂದ ಶಾಖದಲ್ಲಿ ಚಕ್ರಕ್ಕೆ ತಲುಪುವುದು ಸುಮಾರು ನಾಲ್ಕನೇ ಒಂದು ಭಾಗ. ಸುಮಾರು ಮೂರನೇ ಒಂದು ಭಾಗ ಇಂಜಿನ್ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಈಗ ಪ್ರಯಾಣಿಕರೂ ಸೇರಿ 1,200 ಕಿಲೋ ತೂಗುವ ಕಾರು ನೂರು ಮೀಟರು ಎತ್ತರ ಏರಿತೆಂದಿಟ್ಟುಕೊಳ್ಳಿ. ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ. 1,200 × 9.8 × 100, ಅಂದರೆ ಸುಮಾರು 12 ಲಕ್ಷ ಜೂಲ್. ಚಕ್ರಕ್ಕೆ ಸಿಗುವುದು ಕಾಲು ಭಾಗ ಮಾತ್ರವಾದ್ದರಿಂದ 48 ಲಕ್ಷ ಜೂಲಿನಷ್ಟು ಪೆಟ್ರೋಲು ಉರಿಯಬೇಕು. ಅದರಲ್ಲಿ ಮೂರನೇ ಒಂದು, ಅಂದರೆ 16 ಲಕ್ಷ ಜೂಲ್, ನೀರಿಗೆ ಹೋಯಿತು. ಚಿಕ್ಕ ಕಾರಿನಲ್ಲಿ ಇರುವ ನೀರು ಐದು ಲೀಟರು. ಐದು ಲೀಟರು ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಎಷ್ಟು ಬೇಕು? 5 × 4,200 × 70, ಸುಮಾರು 15 ಲಕ್ಷ ಜೂಲ್. ಅಂದರೆ ರೇಡಿಯೇಟರು ಕೆಲಸ ಮಾಡದಿದ್ದರೆ, ಕಾರು ಏರುವ ಪ್ರತಿ ನೂರು ಮೀಟರೂ ಅದರೊಳಗಿನ ಅಷ್ಟೂ ನೀರನ್ನು ತಣ್ಣಗಿನ ಸ್ಥಿತಿಯಿಂದ ಕುದಿಸುವಷ್ಟು ಶಾಖವನ್ನು ಕೊಡುತ್ತದೆ. ಘಾಟಿಯಲ್ಲಿ ಏರುವುದು ನೂರು ಮೀಟರಲ್ಲ, ಹಲವು ನೂರು. ಮೇಲಾಗಿ ಕೆಳ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಎದುರುಗಾಳಿಯೂ ಕಡಿಮೆ. ಸಮತಟ್ಟಾದ ರಿಂಗ್ ರಸ್ತೆಯ ನಾಲ್ಕು ಕಿಲೋಮೀಟರಿನಲ್ಲಿ ಈ ಪರೀಕ್ಷೆ ನಡೆಯುವುದೇ ಇಲ್ಲ.

ರೇಡಿಯೇಟರು ಏಕೆ ಕೆಲಸ ಮಾಡಲಿಲ್ಲ? ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿಯ ಗಟ್ಟಿ ಪೊರೆ ಕಟ್ಟುವುದನ್ನು ನೀವು ನೋಡಿದ್ದೀರಿ. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಬಿಸಿಯಾದಾಗ ಕಾರ್ಬೊನೇಟಾಗಿ ಒತ್ತರಿಸಿ ಕೂರುತ್ತದೆ. ಕೂಲೆಂಟ್ ಹಾಕಬೇಕಾದ ಕಡೆ ವರ್ಷಗಟ್ಟಲೆ ನಲ್ಲಿಯ ನೀರು ಹಾಕುತ್ತ ಬಂದರೆ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ ಆಗುತ್ತದೆ. ಶಾಖ ನೀರಿನಿಂದ ಲೋಹಕ್ಕೆ, ಲೋಹದಿಂದ ಗಾಳಿಗೆ ದಾಟುವ ದಾರಿಯಲ್ಲಿ ಈ ಪೊರೆ ಕಂಬಳಿ ಹೊದ್ದಂತೆ ಕೂರುತ್ತದೆ.

ಇಂಥ ಕಾರು ಊರಿನ ಟ್ರಾಫಿಕ್ಕಿನಲ್ಲೇ ಎಂದೋ ಒಮ್ಮೆ ಬಿಸಿಯಾಗುತ್ತದೆ. ಆಗ ರಸ್ತೆಬದಿಯ ಗ್ಯಾರೇಜಿನಲ್ಲಿ ಮಾಡುವ ಅಗ್ಗದ ಉಪಾಯಗಳು ಎರಡು. ಒಂದು, ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಹಾಕುವುದು. ಈ ವಾಲ್ವಿನೊಳಗೆ ಮೇಣವಿರುತ್ತದೆ. ನೀರು ಸುಮಾರು 82ರಿಂದ 88 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ಇಂಜಿನ್ನಿನ ಹದವನ್ನು ಅದು ಕಾಯುತ್ತದೆ. ಅದನ್ನು ಕಿತ್ತರೆ ನೀರು ಸದಾ ಹರಿಯುತ್ತಿರುತ್ತದೆ, ಊರೊಳಗೆ ಮುಳ್ಳು ಕೆಳಗೇ ಇರುತ್ತದೆ. ಎರಡನೆಯದು ಫ್ಯಾನನ್ನು "ಡೈರೆಕ್ಟ್" ಮಾಡುವುದು. ಬಿಸಿಯಾದಾಗ ಮಾತ್ರ ತಿರುಗಬೇಕಾದ ಫ್ಯಾನು ಕೀಲಿ ತಿರುಗಿಸಿದ ಕ್ಷಣದಿಂದ ತಿರುಗುತ್ತದೆ. ರೋಗ ಹಾಗೆಯೇ ಇರುತ್ತದೆ, ಜ್ವರ ಮಾತ್ರ ಕಾಣುವುದಿಲ್ಲ. ನಾನು ಪರೀಕ್ಷಾರ್ಥ ಓಡಿಸಿದ ದಿನ ಡಿಸೆಂಬರಿನ ಚಳಿಯಲ್ಲೂ ಫ್ಯಾನು ಸದ್ದು ಮಾಡುತ್ತಿತ್ತು. "ಫ್ಯಾನ್ ಚೆನ್ನಾಗಿ ಕೆಲಸ ಮಾಡ್ತಿದೆ" ಎಂದು ನಾನೇ ಮೆಚ್ಚುಗೆಯಿಂದ ಹೇಳಿದ್ದೆ!

ಕುದಿತದ ವಿಷಯಕ್ಕೆ ಬರೋಣ. ರೇಡಿಯೇಟರಿನ ಮುಚ್ಚಳ ನಮ್ಮ ಅಡುಗೆಮನೆಯ ಕುಕ್ಕರಿನ ವಿಶಲ್ಲಿನಂತೆಯೇ ಒತ್ತಡವನ್ನು ಹಿಡಿದಿಡುತ್ತದೆ. ವಾತಾವರಣದ ಒತ್ತಡಕ್ಕಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯ ಹತ್ತಿರ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು ಎನ್ನುವುದು ಇದಕ್ಕೇ. ಒತ್ತಡ ಇಳಿದ ಕ್ಷಣದಲ್ಲಿ 110 ಡಿಗ್ರಿಯ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಎರಚುತ್ತದೆ. ಆ ದಿನ ಘಾಟಿಯಲ್ಲಿ ಮುಚ್ಚಳಕ್ಕೆ ಕೈ ಹಾಕಹೊರಟ ನನ್ನನ್ನು ಲಾರಿ ಚಾಲಕರೊಬ್ಬರು ಗದರಿಸಿ ತಡೆದರು. ಬಿ.ಎಸ್ಸಿ.ಯಲ್ಲಿ ಇದನ್ನೇ ಓದಿ ಅಂಕ ಪಡೆದವನು ನಾನು.

ನೀರು ಹಬೆಯಾಗಿ ಹೋದ ಮೇಲೆ ಲೋಹಕ್ಕೆ ತಂಪು ಸಿಗುವುದಿಲ್ಲ. ನನ್ನ ಕಾರಿನ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಂ, ಕೆಳಗಿನ ಬ್ಲಾಕು ಬೀಡುಕಬ್ಬಿಣ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ, ಬೀಡುಕಬ್ಬಿಣ ಅದರ ಅರ್ಧದಷ್ಟು, ಸುಮಾರು 11 ಪಾಲು. ನಲವತ್ತು ಸೆಂಟಿಮೀಟರು ಉದ್ದದ ಹೆಡ್ಡು ನೂರು ಡಿಗ್ರಿ ಬಿಸಿಯೇರಿದರೆ ಎರಡರ ನಡುವೆ ಸುಮಾರು ಅರ್ಧ ಮಿಲಿಮೀಟರು ವ್ಯತ್ಯಾಸ ಬರುತ್ತದೆ. ಎರಡನ್ನೂ ಬೋಲ್ಟು ಹಾಕಿ ಬಿಗಿದಿರುವುದರಿಂದ ಹೆಡ್ಡು ಸೊಟ್ಟಗಾಗುತ್ತದೆ. ಇಂಥ ಹೆಡ್ಡಿನಲ್ಲಿ ಸಾಮಾನ್ಯವಾಗಿ ಒಪ್ಪುವ ಸೊಟ್ಟ 0.05 ಮಿ.ಮೀ. ಆಸುಪಾಸಿನದು, ಒಂದು ತಲೆಗೂದಲಿನ ದಪ್ಪ ಎನ್ನಿ. ಅದನ್ನು ಮೀರಿದರೆ ನಡುವಿನ ಗ್ಯಾಸ್ಕೆಟ್ಟು ಬಿಡುತ್ತದೆ. ಉರಿಯುವ ಅನಿಲ ನೀರಿನ ದಾರಿಗೆ, ನೀರು ಸಿಲಿಂಡರಿಗೆ ಅಥವಾ ಆಯಿಲಿಗೆ ನುಗ್ಗುತ್ತದೆ.

ಮೆಕ್ಯಾನಿಕ್ ಇನ್ನೊಂದು ಮಾತೂ ಹೇಳಿದ. "ಮುಳ್ಳು ಮೇಲೆ ಹೋದಾಗ್ಲೇ ನಿಲ್ಸಿದ್ರೆ ಬರೀ ರೇಡಿಯೇಟ್ರಲ್ಲಿ ಹೋಗದು ಸ್ವಾಮಿ." ಹಾಗಾಗಿ ಆ 34,900ರಲ್ಲೂ ನನ್ನ ಎರಡು ಕಿಲೋಮೀಟರಿನ ಪಾಲಿದೆ.

ಕುದುರೆಯ ದೃಷ್ಟಾಂತ

ಊರಿಗೆ ಬಂದ ಮೇಲೆ ಉಪನ್ಯಾಸಕರಿಗೆ ಫೋನ್ ಮಾಡಿದೆ. ಅವರು ನಿಜವಾಗಿಯೂ ನೊಂದುಕೊಂಡರು. "ಎರಡು ವರ್ಷದ ಹಿಂದೆ ಒಂದ್ಸಲ ಬಿಸಿ ಆಗಿತ್ತು. ಮೆಕ್ಯಾನಿಕ್ ಸರಿ ಮಾಡಿದ್ದೀನಿ ಅಂದ. ಆಮೇಲೆ ಏನೂ ಆಗಲಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ಕೇಳಲಿಲ್ವಲ್ಲ" ಎಂದರು.

ಕೇಳಲಿಲ್ಲ ಎಂಬುದು ನಿಜ. ಹೇಳದೆ ಇರುವುದು ಮೋಸವೇ? ನಮ್ಮ ವಕೀಲ ಅತಿಥಿಗಳು ಈ ಪ್ರಶ್ನೆಗೆ 1872ರ ಭಾರತೀಯ ಕರಾರು ಅಧಿನಿಯಮವನ್ನು ತೆರೆದರು. ಅದರ 17ನೇ ಪ್ರಕರಣ ವಂಚನೆ ಎಂದರೇನೆಂದು ಹೇಳುತ್ತದೆ. ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗದು ಎಂಬ ವಿವರಣೆಯ ಜೊತೆಗೆ ಅಲ್ಲಿ ಕುದುರೆಯ ದೃಷ್ಟಾಂತಗಳಿವೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ, ಅದರ ದೋಷ ಅವನಿಗೆ ಗೊತ್ತು, ಆದರೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದು, ಈಗಷ್ಟೇ ಪ್ರಾಯಕ್ಕೆ ಬಂದಿದ್ದರೆ? ಆಗ ಆ ಸಂಬಂಧದ ಕಾರಣದಿಂದಲೇ ಹೇಳುವುದು ಅವನ ಕರ್ತವ್ಯ. ಮೂರನೆಯದು ನಮಗೆ ಬಹಳ ಮುಖ್ಯ. ಕೊಳ್ಳುವವನು "ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಮೌನವೇ ಮಾತಿಗೆ ಸಮ.

ನೂರೈವತ್ತು ವರ್ಷದ ಹಿಂದಿನ ಕುದುರೆಯ ಜಾಗದಲ್ಲಿ ಕಾರನ್ನು ನಿಲ್ಲಿಸಿ ನೋಡಿ. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಆ ಮೌನಕ್ಕೆ ಬೇರೆ ಅರ್ಥ ಬರುತ್ತಿತ್ತು. ಆದರೆ ಅದೇ ಕಾನೂನಿನ 19ನೇ ಪ್ರಕರಣ ಇನ್ನೊಂದು ಗಂಟು ಹಾಕಿದೆ. ಮೌನದಿಂದಾದ ವಂಚನೆಯ ವಿಷಯದಲ್ಲಿ, ಕೊಳ್ಳುವವನು ಸಾಮಾನ್ಯ ಶ್ರದ್ಧೆ ವಹಿಸಿದ್ದರೆ ಸತ್ಯ ತಿಳಿಯುವ ಅವಕಾಶವಿತ್ತು ಎಂದಾದರೆ, ಕರಾರನ್ನು ರದ್ದು ಮಾಡಲಾಗದು. ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗದವನು ಶ್ರದ್ಧೆ ವಹಿಸಿದವನೇ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. 1930ರ ಸರಕು ಮಾರಾಟ ಅಧಿನಿಯಮದ 16ನೇ ಪ್ರಕರಣವೂ ಕೊಳ್ಳುವವನೇ ನೋಡಿಕೊಳ್ಳಬೇಕೆಂಬ ತತ್ವದಿಂದ ಹೊರಡುತ್ತದೆ. ಅದರಲ್ಲಿರುವ ಗುಣಮಟ್ಟದ ವಿನಾಯಿತಿಗಳು ಆ ಬಗೆಯ ಸರಕನ್ನು ಮಾರುವುದೇ ಕಸುಬಾದವರ ವಿಷಯದಲ್ಲಿ ಅನ್ವಯಿಸುವಂಥವು. ಗ್ರಾಹಕ ಆಯೋಗದ ಬಾಗಿಲೂ ವ್ಯಾಪಾರಿಯ ವಿರುದ್ಧ ತೆರೆಯುವಂಥದ್ದು. ಮನೆಯ ಕಾರನ್ನು ಒಮ್ಮೆ ಮಾರಿದ ನಿವೃತ್ತ ಉಪನ್ಯಾಸಕರು ವ್ಯಾಪಾರಿಯಲ್ಲ. ಖಾಸಗಿಯಾಗಿ ಕೊಂಡರೆ ಅಂಗಡಿಯವರ ಲಾಭಾಂಶ ಉಳಿಯುತ್ತದೆ ಎನ್ನುತ್ತಾರಲ್ಲ, ಆ ಉಳಿತಾಯಕ್ಕೆ ನಾವು ತೆರುವ ಬೆಲೆ ಇದು.

ಹಾಗಾಗಿ ಪ್ರಶ್ನೆಗಳನ್ನು ಕೇಳಬೇಕು. "ಗಾಡಿ ಹೇಗಿದೆ?" ಎಂದಲ್ಲ, ಅದಕ್ಕೆ ಎಲ್ಲರೂ "ಚೆನ್ನಾಗಿದೆ" ಎಂದೇ ಹೇಳುತ್ತಾರೆ. ಎಂದಾದರೂ ಬಿಸಿಯಾಗಿತ್ತೇ, ಹೆಡ್ ಬಿಚ್ಚಿದ್ದಾರೆಯೇ, ಅಪಘಾತವಾಗಿತ್ತೇ, ನೀರಿನಲ್ಲಿ ನಿಂತಿತ್ತೇ ಎಂದು ಒಂದೊಂದಾಗಿ ಕೇಳಿ, ಉತ್ತರಗಳನ್ನು ಕೊಡುವ ತೆಗೆದುಕೊಳ್ಳುವ ಪತ್ರದಲ್ಲೇ ಬರೆಸಿ ಸಹಿ ಹಾಕಿಸಿ. ಪರಿಚಯದವರ ಹತ್ತಿರ ಹೀಗೆ ಕೇಳುವುದು ನಮ್ಮ ಜನಕ್ಕೆ ಸಂಕೋಚ. ದಾವಣಗೆರೆಯ ಆ ಇಬ್ಬರು ಸ್ನೇಹಿತರ ನಡುವೆ ಆ ಸಂಕೋಚವೇ ಮಾತು ನಿಲ್ಲಿಸಿತೇನೋ.

ನಿಂಬೆಹಣ್ಣು

ಹೊಸ ಗಾಡಿ ಬಂದಾಗ ನಾವು ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ. ಅಮೆರಿಕದ ಆಡುಮಾತಿನಲ್ಲಿ "ನಿಂಬೆಹಣ್ಣು" ಎಂದರೆ ಒಳಗೊಳಗೇ ಕೆಟ್ಟ ಕಾರು. ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಈ ಮಾತನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಲೇಖನ ಬರೆದರು. ಮೂರು ಪತ್ರಿಕೆಗಳು ಅದನ್ನು ಹಿಂತಿರುಗಿಸಿದವು, ಕೆಲವರಿಗೆ ವಿಷಯ ತೀರಾ ಕ್ಷುಲ್ಲಕವೆನಿಸಿತ್ತು. ಕೊನೆಗೆ 1970ರಲ್ಲಿ ಪ್ರಕಟವಾಯಿತು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ನಡುವೆ, 1967-68ರಲ್ಲಿ, ಅವರು ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಆ ಲೇಖನದಲ್ಲಿ ನಮ್ಮ ಹಳ್ಳಿಯ ಲೇವಾದೇವಿಗಾರನ ಪ್ರಸಂಗವೂ ಇದೆ.

ಅವರ ವಾದವನ್ನು ಅಂಕಿಯಲ್ಲಿ ಹೇಳುವುದು ಸುಲಭ. ಊರಿನಲ್ಲಿ ನೂರು ಹಳೆಯ ಕಾರುಗಳಿವೆ. ಐವತ್ತು ಒಳ್ಳೆಯವು, ಯೋಗ್ಯ ಬೆಲೆ ಮೂರು ಲಕ್ಷ. ಐವತ್ತು ಕೆಟ್ಟವು, ಒಂದೂವರೆ ಲಕ್ಷ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಬುದ್ಧಿವಂತನಾದರೆ ಸರಾಸರಿ ಲೆಕ್ಕ ಹಾಕಿ ಎರಡೂಕಾಲು ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಆ ಬೆಲೆಗೆ ಒಳ್ಳೆಯ ಕಾರಿನವನು "ಮಾರುವುದೇ ಬೇಡ" ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟವೇ ಹೆಚ್ಚಾಗುತ್ತವೆ. ಇದು ಗೊತ್ತಾದ ಮೇಲೆ ಕೊಳ್ಳುವವನು ಇನ್ನೂ ಕಡಿಮೆ ಕೇಳುತ್ತಾನೆ, ಉಳಿದ ಒಳ್ಳೆಯವೂ ಹೊರಟುಹೋಗುತ್ತವೆ. ಯಾರೂ ಸುಳ್ಳು ಹೇಳಬೇಕಾಗಿಯೇ ಇಲ್ಲ. ಮಾಹಿತಿ ಒಬ್ಬನ ಕಡೆ ಮಾತ್ರ ಇದ್ದರೆ ಸಾಕು. ಬಿಲ್ಲುಗಳ ಫೈಲಿಟ್ಟುಕೊಂಡು 2,75,000 ಕೇಳಿದ ಆ ಮನುಷ್ಯನನ್ನು "ಆಸೆಬುರುಕ" ಎಂದುಕೊಂಡಿದ್ದ ನನಗೆ, ಈ ಲೆಕ್ಕ ನೋಡಿದ ಮೇಲೆ ನಾಚಿಕೆಯಾಯಿತು. ಅವರು ಮಾರುತ್ತಿದ್ದುದು ಕಾರನ್ನು ಮಾತ್ರವಲ್ಲ, ಆ ಫೈಲನ್ನು ಕೂಡ.

ಆದ್ದರಿಂದ ಮಾಹಿತಿಯನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ದಾರಿಗಳೇನು ಎಂದು ಗ್ಯಾರೇಜಿನ ಅತಿಥಿಗಳನ್ನು ಕೇಳಿದೆವು. ಅವರ ಮೊದಲ ಮಾತು: ಬೆಳಿಗ್ಗೆ ಹೋಗಿ, ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬರುತ್ತೇನೆನ್ನಿ. ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಣ್ಣದ ಕೂಲೆಂಟಿನ ಬದಲು ತುಕ್ಕು ನೀರಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ನೊರೆಯಿದ್ದರೆ ಅನುಮಾನಪಡಿ. (ಬರೀ ಹತ್ತಿರದ ಓಡಾಟದ ಕಾರಿನಲ್ಲಿ ಆವಿಯಿಂದಲೂ ಸ್ವಲ್ಪ ನೊರೆ ಕಟ್ಟಬಹುದು, ಆದ್ದರಿಂದ ಅದೊಂದೇ ಸಾಕ್ಷಿ ಸಾಲದು.) ನಾಲ್ಕು ಕಿಲೋಮೀಟರಲ್ಲ, ಅರ್ಧ ಗಂಟೆ ಓಡಿಸಿ, ಒಂದು ಏರು ಹತ್ತಿಸಿ. ಟಿಂಕರಿಂಗ್ ಮಾಡಿ ಪುಟ್ಟಿ ಮೆತ್ತಿದ ಜಾಗದಲ್ಲಿ ತೆಳುವಾದ ಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ಇದು ಉಕ್ಕಿನ ಭಾಗಕ್ಕೆ ಮಾತ್ರ, ಪ್ಲಾಸ್ಟಿಕ್ ಬಂಪರಿಗಲ್ಲ. ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಡಿಜಿಟಲ್ ಕಾರುಗಳಲ್ಲೂ ಸಾಧ್ಯ. ಆದರೆ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು ಹಿಂದಕ್ಕೆ ತಿರುಗುವುದಿಲ್ಲ. ಅದೇ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಮಾಲೀಕರ ಒಪ್ಪಿಗೆಯೊಂದಿಗೆ ಹಳೆಯ ದಾಖಲೆ ಕೇಳಿದರೆ ಪ್ರತಿ ಭೇಟಿಯ ಕಿಲೋಮೀಟರೂ ಸಿಗಬಹುದು. ಒಬ್ಬ ಒಳ್ಳೆಯ ಮೆಕ್ಯಾನಿಕ್ ಒಂದೆರಡು ಸಾವಿರ ತೆಗೆದುಕೊಂಡು ಇಷ್ಟನ್ನೂ ಅರ್ಧ ದಿನದಲ್ಲಿ ನೋಡಿಕೊಡುತ್ತಾನೆ. ಆದರೆ ಮಾರುವವರ ಮೆಕ್ಯಾನಿಕ್ ಬೇಡ.

ನೆರೆಯಲ್ಲಿ ನಿಂತ ಕಾರುಗಳ ಬಗ್ಗೆ ಅವರು ವಿಶೇಷವಾಗಿ ಎಚ್ಚರಿಸಿದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ಎಷ್ಟೋ ಕಾರುಗಳು ಮುಳುಗಿದ್ದನ್ನು ನೀವು ನೋಡಿರಬಹುದು. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಸಿಲಿಂಡರಿನೊಳಗೆ ನೀರಿರುವಾಗ ಇಂಜಿನ್ ತಿರುಗಿಸಿದರೆ ಪಿಸ್ಟನ್ನು ಗೋಡೆಗೆ ಗುದ್ದಿದಂತಾಗಿ ಕನೆಕ್ಟಿಂಗ್ ರಾಡು ಬಾಗುತ್ತದೆ. ಅದನ್ನು ಸರಿಪಡಿಸಿದರೂ ವೈರುಗಳ ಜೋಡಣೆಯಲ್ಲಿ ತುಕ್ಕು ತಿಂಗಳುಗಟ್ಟಲೆ ಬೆಳೆಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಡೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆದಿರುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ, ಸಾರಿಗೆ ಅಧಿಕಾರಿಗಳು ಕಾರ್ಯಕ್ರಮದಲ್ಲಿ ವಿವರವಾಗಿಯೇ ಹೇಳಿದ್ದಾರೆ. ನಮೂನೆ 29 ಮತ್ತು 30ಕ್ಕೆ ಸಹಿ ಆಗಬೇಕು. ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಹೆಸರು ಬದಲಾಗದೆ ಅಪಘಾತವಾದರೆ ದಾಖಲೆಯಲ್ಲಿರುವವರೇ ಮಾಲೀಕರೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಾಗಾಗಿ ಈ ಅವಸರ ಮಾರುವವರಿಗೇ ಹೆಚ್ಚು ಇರಬೇಕು. ಬೇರೆ ರಾಜ್ಯದ ಕಾರು ಅಗ್ಗವೆಂದು ತಂದರೆ ಇಲ್ಲಿನ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿ.

ದಾವಣಗೆರೆಯ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು. ನಿನ್ನ ಅಂಕಲ್‌ಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಗೊತ್ತಿರುವುದರಲ್ಲೂ ಮೆಟ್ಟಿಲುಗಳಿವೆ. ನನಗೆ ಮಾರಿದವರಿಗೆ ಕಾರು ಒಮ್ಮೆ ಬಿಸಿಯಾದದ್ದು ಗೊತ್ತಿತ್ತು, ವಾಲ್ವು ಕಿತ್ತದ್ದು ಬಹುಶಃ ಗೊತ್ತಿರಲಿಲ್ಲ, ಅದರ ಅರ್ಥವಂತೂ ಗೊತ್ತಿರಲಿಲ್ಲ. ದೇವಸ್ಥಾನ, ಮಾರುಕಟ್ಟೆ ಬಿಟ್ಟು ಬೇರೆಲ್ಲಿಗೂ ಹೋಗದವರಿಗೆ ಅದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ನಿಮ್ಮ ತಂದೆಗೆ ಹೇಳು, ಬಿಲ್ಲುಗಳನ್ನು ಮೊದಲು ಎರಡು ಗುಂಪು ಮಾಡಲಿ, ಎರಡನೆಯ ಗುಂಪನ್ನು ತೆಗೆದುಕೊಂಡು ಸ್ನೇಹಿತರ ಮನೆಗೇ ಹೋಗಲಿ.

2024ರಲ್ಲಿ ನಾನು ಆ ಕಾರನ್ನು ಮಾರಿದೆ. ಮೊದಲು ಬಂದವರು ಮೈಲೇಜು ಎಷ್ಟೆಂದು ಮಾತ್ರ ಕೇಳಿದರು. ಹೆಡ್ಡಿನ ವಿಷಯ ಕೇಳಲೇ ಇಲ್ಲ. ಕಾನೂನಿನ ಪ್ರಕಾರ ನಾನು ಸುಮ್ಮನಿರಬಹುದಾಗಿತ್ತು, ಹರಾಜಿನ ಕುದುರೆಯವನ ಹಾಗೆ. ಒಂದು ಕ್ಷಣ ಸುಮ್ಮನೆಯೂ ಇದ್ದೆ. ಆಮೇಲೆ ಸಕಲೇಶಪುರದ ಬಿಲ್ಲು ತಂದು ಮೇಜಿನ ಮೇಲಿಟ್ಟೆ. ಅವರು ನೋಡಿ, ಮನೆಯಲ್ಲಿ ಕೇಳಿ ಹೇಳುತ್ತೇವೆಂದು ಹೋದರು, ಮತ್ತೆ ಬರಲಿಲ್ಲ. ಎರಡನೆಯವರೂ ಹಾಗೆಯೇ. "ನಿಮಗ್ಯಾಕ್ರೀ ಬೇಕಿತ್ತು?" ಎಂದು ನನ್ನ ಹೆಂಡತಿ ಕೇಳಿದಳು. ಮೂರನೆಯವರು ತುಮಕೂರಿನ ಕಡೆಯ ಒಬ್ಬ ಯುವತಿ, ಶಾಲಾ ಶಿಕ್ಷಕಿ, ತಮ್ಮನನ್ನೂ ಒಬ್ಬ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬಂದಿದ್ದರು. ಬಂದವರೇ ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಲ್ಲನ್ನು ಸಾಲು ಸಾಲಾಗಿ ಓದಿ, ನಾನು ಕೇಳಿದ ಬೆಲೆಗೆ ಹದಿನೈದು ಸಾವಿರ ಕಡಿಮೆ ಹೇಳಿದರು. ನಾನು ಒಪ್ಪಿದೆ. ಹೊರಡುವಾಗ ಬಿಲ್ಲಿನ ಜೆರಾಕ್ಸ್ ಕೊಡಲು ಹೋದೆ.

"ಜೆರಾಕ್ಸ್ ಬೇಡ ಸಾರ್, ಅಸಲೇ ಕೊಡಿ. ನಾಳೆ ನಾನೂ ಮಾರ್ಬೇಕಲ್ಲ" ಎಂದರು.